ಎಕ್ಸ್‌ಟೆಂಡೆಡ್ ವಾರಂಟಿ: ಬುಷ್‌ಗೆ ಇಲ್ಲ, ಸ್ಟೀರಿಂಗ್‌ಗೆ ಉಂಟು

"ಎಲ್ಲಾ ಕವರ್ ಆಗುತ್ತೆ ಸಾರ್" ಎಂದು, ಮೂಲ ವಾರಂಟಿ ಮುಗಿದ ಮೇಲಿನ ರಿಪೇರಿಗೆ ಮೊದಲೇ ದುಡ್ಡು ಕಟ್ಟಿಸಿಕೊಂಡು ಕೊಡುವ ಎಕ್ಸ್‌ಟೆಂಡೆಡ್ ವಾರಂಟಿ ಬಗ್ಗೆ ಶೋರೂಮ್‌ನವರು ಆಡುವ ಮಾತು ಬಯಲುಸೀಮೆಯ ರಸ್ತೆಗೆ ಸರಿಹೋಗಬಹುದು. ಕೊಡಗಿನಲ್ಲಿ ಕಾರು ಮೊದಲು ಎಲ್ಲಿ ಸೋಲುತ್ತದೋ ಅಲ್ಲೇ ಈ ವಾರಂಟಿ ಕೈಯೆತ್ತುತ್ತದೆ. ತೋಟದ ಕಲ್ಲುದಾರಿಗೆ ಸಸ್ಪೆನ್ಷನ್‌ನ ಲೋವರ್ ಆರ್ಮ್ ಬುಷ್ (ಕೀಲಿನ ರಬ್ಬರ್), ಲಿಂಕ್ ರಾಡ್ ಸಡಿಲವಾಗಿ ಕಟಕಟ ಅನ್ನುತ್ತವೆ. ಸಂಪಾಜೆ ಘಾಟಿಯಲ್ಲಿ ಲಾರಿ ಹಿಂದೆ ಅರ್ಧ ಕ್ಲಚ್ಚಿನಲ್ಲಿ ಹತ್ತಿದರೆ ಪ್ಲೇಟ್ ಹೋಯಿತು, ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಹೋಯಿತು. ಎಲ್ಲವೂ ಸವೆಯುವ ಭಾಗ, ಪಟ್ಟಿಯಿಂದ ಹೊರಗೆ. ಬ್ಯಾಟರಿ, ಟಯರ್, ತುಕ್ಕು ಕೂಡ ಅಷ್ಟೇ.

ನಿಜವಾಗಿ ಸಿಟ್ಟು ಬರುವುದು ನೀರಿನ ವಿಷಯಕ್ಕೆ. ಸಿಲ್ವರ್ ಓಕ್ ಕೆಳಗೆ ನಿಲ್ಲಿಸುವ ಕಾರಿನಲ್ಲಿ ವೈಪರ್ ಬುಡದ ಜಾಲರಿಯೊಳಗೆ ಎಲೆ ಸೇರಿ ಕೊಳೆತು, ನೀರು ಹೋಗುವ ತೂತು ಕಟ್ಟುತ್ತದೆ. ಆ ನೀರು ಬ್ಲೋವರ್ ಕಡೆಯಿಂದ ಕಾರ್ಪೆಟ್‌ಗೆ ಇಳಿದು ವೈರಿಂಗ್ ಕನೆಕ್ಟರ್ ಹಸಿರುಗಟ್ಟುತ್ತದೆ. ಕ್ಲೈಮ್ ಕೇಳಿದರೆ "ಹೊರಗಿನ ಕಾರಣ". ಇಲಿ ಕಡಿದ ವೈರಿಗೂ ಅದೇ ಉತ್ತರ. ಅದಕ್ಕೆ ಇನ್ಶೂರೆನ್ಸ್‌ನವರನ್ನು ಹಿಡಿಯಬೇಕು. ಎಂಜಿನ್ ನೀರು ಎಳೆದುಕೊಂಡಿದ್ದರೆ ಅಲ್ಲೂ ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಇರಬೇಕು.

ಹಾಗಾಗಿ ಮಳೆಗಾಲದಲ್ಲಿ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತಿ, ಎರಡೂ ಮೂಲೆಯ ಎಲೆ ಬಾಚಿ, ಒಂದು ಚೊಂಬು ನೀರು ಸುರಿದು ಮುಂದಿನ ಚಕ್ರದ ಹಿಂದೆ ಇಳಿಯುತ್ತದೆಯೇ ನೋಡಿ. ಬ್ಯಾಟರಿ ಮೇಲೆ, ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಹುಲ್ಲು ತಂದಿಟ್ಟಿದೆಯೇ ಅದನ್ನೂ ನೋಡಿ. ಕಾಫಿ ಕುದಿಯುವಷ್ಟರಲ್ಲಿ ಮುಗಿಯುವ ಕೆಲಸ. ಕಕ್ಕಡದಲ್ಲಾದರೆ (ಕೊಡಗಿನ ಜಡಿಮಳೆಯ ತಿಂಗಳು) ಕಾಲಿಗೆ ಜಿಗಣೆ ಹತ್ತದಂತೆ ನೋಡಿಕೊಳ್ಳಿ.

ಇಷ್ಟು ಬೈದ ಮೇಲೂ, ನಾಲ್ಕನೇ ವರ್ಷ ದಾಟಿದಾಗ ಈ ಕಾಗದದ ಮೇಲೆ ಮನಸ್ಸು ಮೆತ್ತಗಾಗುತ್ತದೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, ಎಸಿ ಕಂಪ್ರೆಸರ್, ಇಸಿಎಂ (ಎಂಜಿನ್‌ನ ಕಂಪ್ಯೂಟರ್), ಡೀಸೆಲ್ ಇಂಜೆಕ್ಟರ್, ಟರ್ಬೊ, ಇವುಗಳಲ್ಲಿ ಒಂದು ಕೈಕೊಟ್ಟರೂ ಬಿಲ್ ಸಾಮಾನ್ಯವಾಗಿ ಐದಂಕಿ. ಸ್ಟೀರಿಂಗ್ ಮೋಟಾರ್ ಎಷ್ಟೋ ಕಾರುಗಳಿಗೆ ಬಿಡಿಯಾಗಿ ಸಿಗುವುದೇ ಇಲ್ಲ, ಇಡೀ ಸ್ಟೀರಿಂಗ್ ಕಾಲಮ್ಮೇ ಬದಲಿಸಬೇಕು. ಅಂಥದ್ದೊಂದು ಕ್ಲೈಮ್ ಬಂದರೆ ಕಟ್ಟಿದ ಹಣ ಸಾಮಾನ್ಯವಾಗಿ ಗಿಟ್ಟಿತು.

ಆದರೆ ಕ್ಲೈಮ್ ತಿರಸ್ಕಾರವಾಗುವುದು ಸಣ್ಣ ವಿಷಯಕ್ಕೆ. ಕಿಲೋಮೀಟರ್ ಓಡಿಲ್ಲವೆಂದು ಸರ್ವಿಸ್ ಮುಂದೂಡುವುದು ತೋಟದ ಕಾರುಗಳ ಚಾಳಿ. ಷರತ್ತು ಇರುವುದು ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದು. ಮಂಜಿಗೆಂದು ವೈರ್ ಕತ್ತರಿಸಿ ಹಾಕಿಸಿದ ಫಾಗ್ ಲ್ಯಾಂಪ್ ಕಂಡರೆ ಎಲೆಕ್ಟ್ರಿಕಲ್ ಕ್ಲೈಮ್‌ಗೆ ತಕರಾರು ಖಂಡಿತ, ವೈರ್ ಕತ್ತರಿಸದೆ ಸಿಕ್ಕಿಸುವ ಕಪ್ಲರ್ ಇರುವ ವೈರಿಂಗ್ ಕಿಟ್ಟೇ ಹಾಕಿಸಿ. ಹೋಂಸ್ಟೇ ಅತಿಥಿಗಳನ್ನು ಬಾಡಿಗೆಗೆ ಸುತ್ತಿಸುವ ಬಿಳಿ ಬೋರ್ಡ್ ಕಾರಿಗೆ ಆಸೆಯೇ ಬೇಡ.

ಸಂತೆಗೆ, ಮದುವೆಗೆ ಮಾತ್ರ ಹೊರಡುವ ಸಣ್ಣ ಪೆಟ್ರೋಲ್ ಮ್ಯಾನುಯಲ್ ಆದರೆ ಆ ದುಡ್ಡು ಬುಷ್, ಕ್ಲಚ್ಚಿಗೆ ಇರಲಿ. ಡೀಸೆಲ್, ಟರ್ಬೊ ಅಥವಾ ಆಟೊಮ್ಯಾಟಿಕ್ ಇಟ್ಟುಕೊಂಡು ಐದಾರು ವರ್ಷ ಓಡಿಸುವವರು ಮೂಲ ವಾರಂಟಿ ಮುಗಿಯುವ ಮೊದಲೇ ತೆಗೆದುಕೊಳ್ಳಿ. ತಡವಾದರೆ ದರ ಏರುತ್ತದೆ, ಮೇಲೆ 18% ಜಿಎಸ್‌ಟಿ. ಅವಧಿ ಮುಗಿಯುವ ಒಂದು ತಿಂಗಳು ಮುಂಚೆ, ಕಾರಿನಲ್ಲಿರುವ ಸದ್ದು, ಸೋರಿಕೆಯೆಲ್ಲ ಸರ್ವಿಸ್ ಸೆಂಟರ್‌ನ ಜಾಬ್ ಕಾರ್ಡ್‌ನಲ್ಲಿ ಬರೆಸಿ ಒಂದು ಪ್ರತಿ ಮನೆಗೆ ತನ್ನಿ.