ಮೆಡಿಕಲ್ ಶಾಪಿನ ಪ್ರೋಬಯೋಟಿಕ್: ಕರಾವಳಿಯ ಸೆಖೆಗೆ ತಾಳುವುದು ಯಾವುದು?

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದಲ್ಲೂ ಅಷ್ಟೇ. ಔಷಧ ಅಂಗಡಿಯಲ್ಲಿ "ಹೊಟ್ಟೆ ಕೆಟ್ಟಿದೆ" ಅಂದರೆ ಪ್ರೋಬಯೋಟಿಕ್ (ಕರುಳಿಗೆ ಒಳ್ಳೆಯದಾಗಲೆಂದು ನುಂಗುವ ಜೀವಂತ ಸೂಕ್ಷ್ಮಜೀವಿ) ಹೆಸರಿನಲ್ಲಿ ಸಿಗುವ ಸಾಮಾನು ಹೆಚ್ಚುಕಡಿಮೆ ನಾಲ್ಕು ಬಗೆಯದು: ಯೀಸ್ಟ್ ಪುಡಿಯ ಸ್ಯಾಶೆ, ಕುಡಿಯುವ ಪುಟ್ಟ ಪ್ಲಾಸ್ಟಿಕ್ ವಯಲ್, ಹಲವು ಜಾತಿಯ ಬ್ಯಾಕ್ಟೀರಿಯಾ ಬೆರೆಸಿದ ಕ್ಯಾಪ್ಸೂಲ್, ಸಿಹಿ ಹಾಲಿನ ಸಣ್ಣ ಬಾಟಲಿ. ನಾಲ್ಕನ್ನೂ ಎರಡು ಪ್ರಶ್ನೆಗಳಿಂದ ತೂಗಿ ನೋಡಿದ್ದೇವೆ. ಯಾವ ಕಾಯಿಲೆಗೆ ಇದು ಕೆಲಸ ಮಾಡುತ್ತದೆಂಬ ಪುರಾವೆ ಇದೆ? ಏಪ್ರಿಲ್ ಸೆಖೆಯನ್ನೂ ಜುಲೈ ತಿಂಗಳ ಕರೆಂಟು ಕಣ್ಣುಮುಚ್ಚಾಲೆಯನ್ನೂ ದಾಟಿ ನಮ್ಮ ಬಾಯಿಗೆ ಬರುವ ಹೊತ್ತಿಗೆ ಒಳಗಿನದು ಜೀವಂತ ಇರುತ್ತದೆಯೇ?

ಎರಡನ್ನೂ ಕೂಡಿಸಿ ನೋಡಿದರೆ ಹೆಚ್ಚು ಅಂಕ ಪಡೆಯುವುದು ಯೀಸ್ಟ್ ಸ್ಯಾಶೆ. ಒಳಗಿರುವುದು ಸ್ಯಾಕರೋಮೈಸಿಸ್ ಬೌಲಾರ್ಡಿ. ಇಕೊನಾರ್ಮ್ ಹೆಸರಿನಲ್ಲಿ 250 ಮಿಲಿಗ್ರಾಂ ಪೊಟ್ಟಣವಾಗಿ ಸಿಗುತ್ತದೆ. ಇದು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರದ ಜಾತಿ. ಹಾಗಾಗಿ ಅಮಾಕ್ಸಿಸಿಲಿನ್, ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್ ಇದನ್ನು ಕೊಲ್ಲುವುದಿಲ್ಲ. ಎರಡನ್ನೂ ಒಂದೇ ಹೊತ್ತಿಗೆ ಕೊಡಬಹುದು. ಗಜಕರ್ಣಕ್ಕೋ ಬಾಯಿಯ ಶಿಲೀಂಧ್ರ ಸೋಂಕಿಗೋ ಫ್ಲುಕೊನಜೋಲ್ ನುಂಗುತ್ತಿರುವವರಿಗೆ ಮಾತ್ರ ಇದು ದಂಡ, ಆ ಮಾತ್ರೆ ಯೀಸ್ಟನ್ನೇ ಕೊಲ್ಲುತ್ತದೆ.

ಆಂಟಿಬಯೋಟಿಕ್ ಶುರುವಾದ ಮೇಲೆ ಬರುವ ಭೇದಿಯನ್ನು ತಡೆಯುವುದರಲ್ಲಿ ಪ್ರೋಬಯೋಟಿಕ್‌ಗಳ ಪುರಾವೆ ಗಟ್ಟಿ. ಮಕ್ಕಳ ಮೇಲಿನ 33 ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದ 2019ರ ಕೊಕ್ರೇನ್ ವಿಮರ್ಶೆಯಲ್ಲಿ, ಪ್ರೋಬಯೋಟಿಕ್ ಪಡೆದವರಲ್ಲಿ ಶೇ. 8 ಮಕ್ಕಳಿಗೆ ಭೇದಿಯಾಯಿತು, ಪಡೆಯದವರಲ್ಲಿ ಶೇ. 19. ಅಂದರೆ ಒಂಬತ್ತು ಮಕ್ಕಳಿಗೆ ಕೊಟ್ಟರೆ ಒಬ್ಬರಿಗೆ ಭೇದಿ ತಪ್ಪುತ್ತದೆ. ಆ ವಿಮರ್ಶೆ ಭರವಸೆ ಇಟ್ಟದ್ದು ಈ ಯೀಸ್ಟ್ ಮತ್ತು ಲ್ಯಾಕ್ಟೊಬ್ಯಾಸಿಲಸ್ ರಾಮ್ನೋಸಸ್ ಎಂಬ ಬ್ಯಾಕ್ಟೀರಿಯಾ, ಈ ಎರಡರ ಮೇಲೆ. ಅದೂ ದಿನಕ್ಕೆ 500 ಕೋಟಿ ಜೀವಕಣಕ್ಕೆ ಕಡಿಮೆಯಿಲ್ಲದ ಪ್ರಮಾಣದಲ್ಲಿ. ಕೊಡಬೇಕಾದದ್ದು ಆಂಟಿಬಯೋಟಿಕ್‌ನ ಮೊದಲ ದಿನದಿಂದಲೇ. ಭೇದಿ ಹತ್ತಿದ ಮೇಲೆ ಅಂಗಡಿಗೆ ಓಡಿದರೆ ತಡೆಯುವ ಹೊತ್ತು ಮೀರಿರುತ್ತದೆ.

ಸ್ಯಾಶೆ ಹಾಳಾಗುವುದು ಬಹುತೇಕ ನಮ್ಮ ಕೈಯಲ್ಲೇ. ಬಿಸಿ ಹಾಲಿಗೋ ಕುದಿಯುವ ಗಂಜಿಗೋ ಸುರಿದರೆ ಯೀಸ್ಟ್ ಸತ್ತಂತೆ. 50 ಡಿಗ್ರಿ ದಾಟಿದ ಯಾವುದಕ್ಕೂ ಬೆರೆಸಬಾರದು, ಬೆರಳು ಅದ್ದಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಬೇಡವೇ ಬೇಡ. ಐಸ್ ಹಾಕಿದ ಶರಬತ್ತೂ ಬೇಡ. ಉಗುರುಬೆಚ್ಚಗಿನ ನೀರಿಗೆ ಇಲ್ಲವೇ ಆರಿದ ಗಂಜಿಗೆ ಬೆರೆಸಿ ಆಗಲೇ ಕುಡಿಸಿ. ಎರಡನೆಯ ತಪ್ಪು, ಅರ್ಧ ಪೊಟ್ಟಣ ಕೊಟ್ಟು ಉಳಿದರ್ಧವನ್ನು ಮಡಚಿ ನಾಳೆಗಿಡುವುದು. ಇದು ತೇವ ತೆಗೆದು ಒಣಗಿಸಿದ ಜೀವ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುವಾಗ ಒಡೆದ ಸ್ಯಾಶೆ ಬೆಳಗಿನವರೆಗೆ ತಾಳುವುದಿಲ್ಲ.

ವಯಲ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಎಂಟರೊಜರ್ಮಿನಾ: 5 ಮಿಲಿಲೀಟರಿನಲ್ಲಿ ಬ್ಯಾಸಿಲಸ್ ಕ್ಲಾಸಿಯ 200 ಕೋಟಿ ಸ್ಪೋರ್. ಸ್ಪೋರ್ ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋದ ಬ್ಯಾಕ್ಟೀರಿಯಾ. ಹೊಟ್ಟೆಯ ಆಮ್ಲಕ್ಕೂ ಸೆಖೆಗೂ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ದೇವಿಮನೆ ಘಟ್ಟದಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಕೂತು ಬಂದರೂ ಗುಣ ಕೆಡದ ಪ್ರೋಬಯೋಟಿಕ್ ಬೇಕೆಂದರೆ ಇದೇ. ಬಾಳಿಕೆಗೆ ಪೂರ್ತಿ ಅಂಕ ಕೊಡಬಹುದು. ಪುರಾವೆಗೆ ಅಲ್ಲ: ಮಕ್ಕಳ ಭೇದಿಯನ್ನು ಕೆಲವು ಗಂಟೆ ಮೊದಲೇ ನಿಲ್ಲಿಸಬಹುದು ಎನ್ನುವಷ್ಟಕ್ಕೆ ಆಧಾರವಿದೆ, ಅದೂ ಗಟ್ಟಿಯಾದದ್ದಲ್ಲ. ಬಾಟಲಿಯ ತಳದಲ್ಲಿ ಬಿಳಿ ಕಣ ಕಂಡರೆ ಕೆಟ್ಟಿದೆ ಎಂದು ಎಸೆಯಬೇಡಿ, ಸ್ಪೋರ್‌ಗಳು ಒಟ್ಟುಗೂಡಿ ಕೂತಿರುತ್ತವೆ. ಚೆನ್ನಾಗಿ ಕುಲುಕಿ, ತುದಿ ತಿರುಚಿ, ನೇರ ಬಾಯಿಗೆ ಇಲ್ಲವೇ ಸಿಹಿ ನೀರಿಗೆ ಹಾಕಿ. ಇಂಜೆಕ್ಷನ್ ವಯಲ್‌ನ ಹಾಗೆ ಕಂಡರೂ ಇದು ಕುಡಿಯಲು ಮಾತ್ರ.

ಹಣಕ್ಕೆ ತಕ್ಕ ಮಾಲು ಅಲ್ಲ ಎನ್ನಿಸಿದ್ದು ಮೂರನೆಯ ಬಗೆ, ಅಂದರೆ ಕ್ಯಾಪ್ಸೂಲ್. ಪೆಟ್ಟಿಗೆಯ ಮೇಲೆ ಎಂಟು, ಹತ್ತು ಜಾತಿಯ ಹೆಸರುಗಳ ಮೆರವಣಿಗೆ ಇರುತ್ತದೆ, ತಳಿಯ (ಒಂದೇ ಜಾತಿಯೊಳಗಿನ ಉಪಬಗೆಯ) ಗುರುತು ಮಾತ್ರ ಇರುವುದಿಲ್ಲ. ಇಲ್ಲಿ ಇಡೀ ವ್ಯವಹಾರ ನಿಂತಿರುವುದೇ ತಳಿಯ ಮೇಲೆ. ಕೊಚ್ಚಿಗೆ ಅಕ್ಕಿ ಕೇಳಿದವರಿಗೆ ಬರೇ "ಅಕ್ಕಿ" ಅಂತ ಬರೆದ ಚೀಲ ಕೊಟ್ಟ ಹಾಗಾಯಿತು ಇದು. ತಳಿ ಸರಿಯಿದ್ದರೆ ಏನಾಗಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಒಡಿಶಾದ ಹಳ್ಳಿಗಳಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಸೇರಿಸಿಕೊಂಡು ನಡೆದ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು ಅದರ ಆಹಾರವಾದ ಸಕ್ಕರೆನಾರಿನ ಜೊತೆ ಏಳು ದಿನ ಕೊಟ್ಟಾಗ, ರಕ್ತದ ನಂಜು ಇಲ್ಲವೇ ಸಾವು ಸಂಭವಿಸಿದ್ದು ಶೇ. 9ರಿಂದ 5.4ಕ್ಕೆ ಇಳಿಯಿತು. ಅದರ ಮರುವರ್ಷವೇ ಅಮೆರಿಕ ಮತ್ತು ಕೆನಡಾದಲ್ಲಿ ವಾಂತಿಭೇದಿಯ ಮಕ್ಕಳಿಗೆ ಬೇರೆ ತಳಿಗಳನ್ನು ಕೊಟ್ಟ ಎರಡು ದೊಡ್ಡ ಪರೀಕ್ಷೆಗಳಲ್ಲಿ ಏನೂ ಪ್ರಯೋಜನ ಕಾಣಲಿಲ್ಲ.

ಆಂಟಿಬಯೋಟಿಕ್ ಮುಗಿದ ಮೇಲೆ "ಕರುಳು ತುಂಬಿಸಲು" ಈ ಕ್ಯಾಪ್ಸೂಲ್ ತಿಂಗಳುಗಟ್ಟಲೆ ನುಂಗುವವರಿದ್ದಾರೆ. 2018ರ ಇಸ್ರೇಲಿನ ಒಂದು ಸಣ್ಣ ಅಧ್ಯಯನದಲ್ಲಿ ಆದದ್ದು ತಿರುಗಾಮುರುಗಾ: ಹನ್ನೊಂದು ತಳಿಯ ಮಿಶ್ರಣ ನುಂಗಿದವರ ಕರುಳಿನ ಮೂಲ ಬ್ಯಾಕ್ಟೀರಿಯಾ ಹಿಂತಿರುಗಲು, ಏನೂ ನುಂಗದವರಿಗಿಂತ ಹೆಚ್ಚು ಕಾಲ ಹಿಡಿಯಿತು. ಹೊರಗಿನಿಂದ ಬಂದದ್ದು ಜಾಗ ಹಿಡಿದು ಕೂತಿತ್ತು.

ಈ ಬಗೆಯ ಹಲವು ಉತ್ಪನ್ನ 2ರಿಂದ 8 ಡಿಗ್ರಿಯಲ್ಲಿರಬೇಕು. ಲೇಬಲ್ಲಿನಲ್ಲಿ ಹಾಗೆ ಬರೆದಿದ್ದು ಅಂಗಡಿಯವರು ಗಾಜಿನ ಶೋಕೇಸಿನಿಂದ ತೆಗೆದು ಕೊಟ್ಟರೆ ತಗೊಳ್ಳಬೇಡಿ. ಫ್ರಿಜ್ಜಿನಿಂದ ಕೊಟ್ಟರೂ, ಕರೆಂಟು ಹೋದಾಗ ಇನ್ವರ್ಟರ್ ಫ್ರಿಜ್ಜಿಗೂ ಇದೆಯೇ ಎಂದು ಕೇಳಿ. ಹಲವೆಡೆ ಅದು ದೀಪ, ಫ್ಯಾನ್, ಬಿಲ್ಲಿಂಗ್ ಕಂಪ್ಯೂಟರಿಗಷ್ಟೇ ಇರುತ್ತದೆ. ಜೀವಕಣಗಳ ಸಂಖ್ಯೆಯ ಪಕ್ಕದ ಸಣ್ಣಕ್ಷರವನ್ನೂ ಓದಿ. "ತಯಾರಿಸುವಾಗ" ಇದ್ದ ಸಂಖ್ಯೆಗೂ "ಅವಧಿ ಮುಗಿಯುವವರೆಗೆ" ಇರುವ ಸಂಖ್ಯೆಗೂ ಅಜಗಜಾಂತರ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇದ್ದರೆ ಅದು ಕಾನೂನಿನ ಲೆಕ್ಕದಲ್ಲಿ ಆಹಾರ, ಔಷಧವಲ್ಲ. ಆಂಟಿಬಯೋಟಿಕ್ ಜೊತೆ ಕೊಡಲೇಬೇಕಾದರೆ ನಡುವೆ ಎರಡು ಮೂರು ಗಂಟೆ ಬಿಡಿ.

ಸಣ್ಣ ಬಾಟಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾಕುಲ್ಟ್‌ನ 65 ಮಿಲಿಲೀಟರಿನಲ್ಲಿ ಶಿರೋಟಾ ತಳಿಯ 650 ಕೋಟಿ ಬ್ಯಾಕ್ಟೀರಿಯಾ ಎಂದು ಲೇಬಲ್ಲಿದೆ. ತಳಿಯ ಹೆಸರು ಹೇಳುವ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಕಾರ್ಖಾನೆಯಿಂದ ಮನೆಯವರೆಗೂ ತಂಪಿನಲ್ಲೇ ಇರಬೇಕು. ಸಕ್ಕರೆ ಇದೆ, ಮಧುಮೇಹಿಗಳು ಲೆಕ್ಕ ಹಿಡಿಯಬೇಕು. ಭೇದಿಗೆ ಮದ್ದಲ್ಲ.

ಹಾಗಾದರೆ ಮಗುವಿಗೆ ಭೇದಿ ಹತ್ತಿದಾಗ ಮೊದಲು ಕೊಳ್ಳಬೇಕಾದದ್ದು? ಇದೇ ಕಪಾಟಿನ ಮೂಲೆಯಲ್ಲಿರುವ ಓಆರ್‌ಎಸ್ ಪೊಟ್ಟಣ ಮತ್ತು ಝಿಂಕ್. ಅಂಗನವಾಡಿ, ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಬಿಟ್ಟಿಯಾಗಿಯೂ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣ 20.5 ಗ್ರಾಂ ಇರುತ್ತದೆ: ಉಪ್ಪು 2.6, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಇಡೀ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಒಂದು ಲೋಟಕ್ಕೆ ಸುರಿದು ಕುಡಿಸಿದರೆ ಸೋಡಿಯಂ ಹೆಚ್ಚಾಗಿ ಮಗುವಿಗೆ ಅಪಾಯ. 24 ಗಂಟೆ ಕಳೆದರೆ ಚೆಲ್ಲಿ, ಹೊಸದು ಮಾಡಿ. ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ 100ರಿಂದ 200. ಆರು ತಿಂಗಳು ಮೀರಿದ ಮಗುವಿಗೆ ಝಿಂಕ್ ದಿನಕ್ಕೆ 20 ಮಿಲಿಗ್ರಾಂ, ಅದಕ್ಕೂ ಚಿಕ್ಕದಕ್ಕೆ 10. ಭೇದಿ ನಿಂತರೂ ಒಟ್ಟು 10ರಿಂದ 14 ದಿನ. ಟೆಟ್ರಾಪ್ಯಾಕಿನ ಹಣ್ಣಿನ ಸ್ವಾದದ ಸಿಹಿ ನೀರು ಇದರ ಬದಲಿಯಲ್ಲ. ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸಬಾರದೆಂದು ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಹೇಳಿದೆ.

"ಮನೆಯ ಮೊಸರಿರುವಾಗ ಇದೆಲ್ಲ ಯಾಕೆ?" ಎಂದು ಶಿರಸಿ ಕಡೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೆಪ್ಪಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಧಾರಾಳ ಇರುತ್ತದೆ, ಆದರೆ ಯಾವ ತಳಿ, ಎಷ್ಟು ಎಂಬುದು ಮನೆಯಿಂದ ಮನೆಗೆ ಬೇರೆ. ಊಟವಾಗಿ ಉತ್ತಮ, ಮದ್ದಿನ ಲೆಕ್ಕಕ್ಕೆ ಸಿಗದು. ಅಂದ ಹಾಗೆ, ಕುದಿಸಿದ ಮಜ್ಜಿಗೆಹುಳಿಯಲ್ಲಿ ಆ ಜೀವ ಉಳಿಯುವುದಿಲ್ಲ. ಒಂದೆಲಗದ ತಂಬುಳಿಯಲ್ಲಿ ಉಳಿಯುತ್ತದೆ, ಹುರಿದು ರುಬ್ಬಿದ್ದು ಆರಿದ ಮೇಲೆ ಮಜ್ಜಿಗೆ ಸೇರಿಸಿದರೆ.

ಇನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಮೈಕ್ರೋಬಯೋಮ್ ಕಿಟ್, ಅಂದರೆ ಕರುಳಿನ ಸೂಕ್ಷ್ಮಜೀವಿಗಳ ಪರೀಕ್ಷೆ. ಮಲದ ಮಾದರಿ ಕಳಿಸಿದರೆ ಬಣ್ಣಬಣ್ಣದ ವರದಿ ಬರುತ್ತದೆ. ಅದರಲ್ಲಿರುವುದು ಯಾವ ಗುಂಪಿನ ಬ್ಯಾಕ್ಟೀರಿಯಾ ಶೇಕಡಾ ಎಷ್ಟು ಎಂಬ ಪಾಲು ಮಾತ್ರ, ನಿಜವಾದ ಸಂಖ್ಯೆಯಲ್ಲ. ಒಂದೇ ಮಾದರಿಯನ್ನು ಎರಡು ಲ್ಯಾಬಿಗೆ ಕಳಿಸಿದರೆ ಎರಡು ಉತ್ತರ ಬರಬಹುದು. ಸಂರಕ್ಷಕ ದ್ರವ ಇಲ್ಲದ ಡಬ್ಬಿ ಕಾರವಾರದಿಂದ ಕೊರಿಯರ್‌ನಲ್ಲಿ ಹೋಗುವಷ್ಟರಲ್ಲಿ ಒಳಗಿನ ಅನುಪಾತವೇ ಬದಲಾಗಿರುತ್ತದೆ. ಆ ವರದಿ ನೋಡಿ ಔಷಧ ಬದಲಿಸುವ ಕ್ರಮ ಚಿಕಿತ್ಸೆಯಲ್ಲಿ ಇನ್ನೂ ನೆಲೆಗೊಂಡಿಲ್ಲ. ದುಡ್ಡು ಉಳಿಸಿ. ಕರುಳಿನ ಸೂಕ್ಷ್ಮಜೀವಿಗಳನ್ನೇ ಬದಲಿಸಿ ರೋಗ ವಾಸಿಮಾಡಿದ್ದು ಸ್ಪಷ್ಟವಾಗಿ ಸಾಬೀತಾದದ್ದು ಮರುಕಳಿಸುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ (ಭೇದಿ ತರುವ ಒಂದು ಬ್ಯಾಕ್ಟೀರಿಯಾ) ಸೋಂಕಿನಲ್ಲಿ: 2013ರ ಡಚ್ ಪರೀಕ್ಷೆಯಲ್ಲಿ ದಾನಿಯ ಮಲದ ದ್ರಾವಣ ಒಮ್ಮೆ ಕೊಟ್ಟಾಗಲೇ 16ರಲ್ಲಿ 13 ಮಂದಿ ಗುಣವಾದರು. ಅದು ದಾನಿಯನ್ನು ಸೋಸಿ ಆರಿಸುವ ದೊಡ್ಡ ಆಸ್ಪತ್ರೆಯ ಕೆಲಸ. ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು. 2019ರಲ್ಲಿ ಅಮೆರಿಕದಲ್ಲಿ ದಾನಿಯ ಮಲದಲ್ಲಿದ್ದ ಔಷಧಕ್ಕೆ ಬಗ್ಗದ ಇ. ಕೋಲೈಯಿಂದ ಒಬ್ಬರು ಸತ್ತಿದ್ದಾರೆ.

ಪುಡಿಯಾಗಲಿ ವಯಲ್ ಆಗಲಿ, ವೈದ್ಯರು ಹೇಳದೆ ಕೊಡಲೇಬಾರದವರು ಇದ್ದಾರೆ. ಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವವರು, ಅಂಗ ಕಸಿಯಾದವರು, ಐಸಿಯುನಲ್ಲಿರುವವರು, ಅವಧಿಗೆ ಮುಂಚೆ ಹುಟ್ಟಿದ ಕೂಸು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿದ ರೋಗಿಯ ಪಕ್ಕದಲ್ಲಿ ಯೀಸ್ಟ್ ಸ್ಯಾಶೆಯನ್ನು ಒಡೆಯಲೂ ಬಾರದು. ಹಾರಿದ ಪುಡಿ ಕೈಗೆ ಅಂಟಿ ನಳಿಕೆಯ ಮೂಲಕ ರಕ್ತ ಸೇರಿದ ಪ್ರಕರಣಗಳು ದಾಖಲಾಗಿವೆ. ರೋಗಿಯ ಕೋಣೆಯ ಹೊರಗೆ ಕೈಗವಸು ಹಾಕಿ ಒಡೆದು, ಕೈಗವಸು ಎಸೆದು, ಸೋಪಿನಿಂದ ಕೈ ತೊಳೆದೇ ಒಳಗೆ ಬರಬೇಕು.