ರಾತ್ರಿ ಟ್ರೆಕ್ ಬುಕ್ ಮಾಡ್ತಿದ್ದೀರಾ? ‘ಮೈನಸ್ 13 ಸ್ಲೀಪಿಂಗ್ ಬ್ಯಾಗ್’ ಅಂದ್ರೆ ದಯವಿಟ್ಟು ನಂಬಬೇಡಿ

ಸಿಟ್ಟಿನಲ್ಲೇ ಬರೀತಿದ್ದೀನಿ, ಹೆಚ್ಚುಕಮ್ಮಿ ಆದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ರಾತ್ರಿಯೆಲ್ಲ ಚಳಿಗೆ ನಡುಗಿದ್ದೀನಿ, ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ ಟ್ರೆಕ್ ಆಯೋಜಕರ ಮೆಸೇಜ್ ಈಗಷ್ಟೇ ಬಂತು: “ಬೆಟ್ಟದ ಮೇಲೆ ಚಳಿ ಇರೋದು ಸಹಜ ಮೇಡಂ.” ಅಲ್ರೀ, ಅದು ನನಗೆ ಗೊತ್ತಿಲ್ವಾ? ಚಳಿ ಇರುತ್ತೆ ಅಂತ ಗೊತ್ತಿದ್ದಕ್ಕೇ ತಾನೆ ದುಡ್ಡು ಹಾಕೋ ಮುಂಚೆ ಸ್ಲೀಪಿಂಗ್ ಬ್ಯಾಗ್ ಎಂಥದ್ದು ಅಂತ ಬಿಡಿಸಿ ಬಿಡಿಸಿ ಕೇಳಿದ್ದು!

ವಿಷಯ ಇಷ್ಟೇ. ಬೆನ್ನಿಗೆ ಬ್ಯಾಗ್ ಏರಿಸ್ಕೊಂಡು ಬೆಟ್ಟ ಹತ್ತೋದು, ಮೇಲೆ ಟೆಂಟ್‌ನಲ್ಲಿ ರಾತ್ರಿ ಕಳೆಯೋದು, ಬೆಳಿಗ್ಗೆ ಸೂರ್ಯೋದಯ ನೋಡಿ ಇಳಿಯೋದು. ಹೋಗಿದ್ದು ನಾನು, ನನ್ನ ತಮ್ಮ. ಟೆಂಟ್, ಮ್ಯಾಟ್, ಸ್ಲೀಪಿಂಗ್ ಬ್ಯಾಗ್ ಎಲ್ಲಾ ಅವರದ್ದೇ. ಇಂಥವು ಹೇಗೆ ನಡೆಯುತ್ತೆ ಅಂತ ಹೋದವರಿಗೆಲ್ಲ ಗೊತ್ತು. ಗ್ರೂಪ್‌ಗೆ ಸೇರಿಸ್ತಾರೆ, ಪಟ್ಟಿ ಕಳಿಸ್ತಾರೆ, ದುಡ್ಡು ಪೂರ್ತಿ ಬಂದ ಮೇಲೆ ಒಂದು ಫಾರ್ಮ್‌ಗೆ ಸಹಿ ಹಾಕಿಸ್ಕೊಳ್ತಾರೆ. ಆ ಫಾರ್ಮ್ ಬಗ್ಗೆ ಆಮೇಲೆ ಹೇಳ್ತೀನಿ.

ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ರು: ‘ಮೈನಸ್ 13 ಡಿಗ್ರಿ ಸ್ಲೀಪಿಂಗ್ ಬ್ಯಾಗ್’. ನಾನೂ ಲೆಕ್ಕ ಹಾಕಿದ್ದೆ. ಸಾವಿರ ಮೀಟರ್ ಮೇಲೆ ಹೋದ್ರೆ ಸರಾಸರಿ 6.5 ಡಿಗ್ರಿ ಇಳಿಯುತ್ತೆ. ಬುಡದಲ್ಲಿ ರಾತ್ರಿ 12 ಡಿಗ್ರಿ ಇತ್ತು, ನಾವು ಮಲಗೋ ಜಾಗ ಅಲ್ಲಿಂದ 1,500 ಮೀಟರ್ ಮೇಲೆ. ಅಂದ್ರೆ ಸುಮಾರು 2 ಡಿಗ್ರಿ, ಮೇಲೆ ಗಾಳಿ ಬೇರೆ. ಇರಲಿ, ಮೈನಸ್ 13ರ ಬ್ಯಾಗ್ ಇದ್ರೆ ಧಾರಾಳ ಆಯ್ತು ಅಂದ್ಕೊಂಡು, ಆದ್ರೂ ಫೋನ್ ಮಾಡಿ ಕೇಳಿದೆ. ಆಯೋಜಕ ನಕ್ಕುಬಿಟ್ಟ. “ಮೇಡಂ, ನಮ್ಮ ಬ್ಯಾಗ್ ಒಳಗೆ ಬೆವರ್ತೀರಿ ನೀವು, ನೋಡ್ತಿರಿ.”

ಬೆವರ್ತೀರಿ ಅಂತೆ!

ಹತ್ತಿದ್ದರ ಬಗ್ಗೆ ನನ್ನ ತಕರಾರಿಲ್ಲ. ದಾರಿ ಚೆನ್ನಾಗಿತ್ತು, ಕತ್ತಲಾಗೋ ಮುಂಚೆ ತಲುಪಿದ್ವಿ. ಟೆಂಟ್ ಹಾಕಿ ಬ್ಯಾಗ್ ಕೊಟ್ರು. ಕೈಗೆ ತಗೊಂಡಾಗಲೇ ಏನೋ ಸರಿ ಇಲ್ಲ ಅನ್ನಿಸ್ತು. ಒಳಗಿನ ಹತ್ತಿಯಂಥ ತುಂಬು ಅಲ್ಲಲ್ಲಿ ಗಂಟುಗಂಟಾಗಿ, ನಡುವೆ ಬರೀ ಬಟ್ಟೆ. ಹೆಡ್‌ಲ್ಯಾಂಪ್ ಒಳಗಿಟ್ರೆ ಬೆಳಕು ಹೊರಗೆ ಕಾಣ್ತಿತ್ತು. ಜಿಪ್ ಅರ್ಧಕ್ಕೆ ಬಂದು ಹಲ್ಲು ಬಿಡ್ತಿತ್ತು, ಯಾರೋ ಹಿಂದಿನವರು ಅಲ್ಲಿ ಪಿನ್ ಚುಚ್ಚಿ ಹೋಗಿದ್ರು. ವಾಸನೆ ವಿಷಯ ಬೇಡ ಬಿಡಿ.

ಮಧ್ಯರಾತ್ರಿ ಹೊತ್ತಿಗೆ ಹಲ್ಲು ಕಟಕಟ. ಇದ್ದ ಬಟ್ಟೆಯೆಲ್ಲ ಹಾಕ್ಕೊಂಡೆ, ಟೋಪಿ, ಎರಡು ಜೊತೆ ಕಾಲುಚೀಲ, ಮಳೆ ಜಾಕೆಟ್ಟೂ ಸೇರಿ. ಬೆನ್ನು ಮಾತ್ರ ಐಸ್. ಮ್ಯಾಟ್ ಮುಟ್ಟಿ ನೋಡಿದ್ರೆ ಬೆರಳಷ್ಟು ದಪ್ಪಾನೂ ಇಲ್ಲ, ಸೊಂಟದ ಹತ್ತಿರಕ್ಕೇ ಮುಗಿಯುತ್ತೆ. ಮೈಭಾರಕ್ಕೆ ಬ್ಯಾಗಿನ ಅಡಿಭಾಗ ಅಮುಕಿ ಹೋಗುತ್ತಲ್ಲ, ಅಲ್ಲಿ ಬೆಚ್ಚಗಿಡೋ ಗಾಳಿ ಒಳಗೆ ಉಳಿಯೋದೇ ಇಲ್ಲ. ನೆಲದ ಚಳಿ ತಡೆಯೋದು ಮ್ಯಾಟ್‌ನ ಕೆಲಸ. ಅದೇ ಇಲ್ಲ ಅಂದ್ರೆ ಎಂಥಾ ಬ್ಯಾಗ್ ಇದ್ದೂ ಏನು ಪ್ರಯೋಜನ?

ಎದ್ದು ಹೋಗಿ ಗೈಡ್‌ನ ಎಬ್ಬಿಸಿ, ಬಾಟಲಿಗೆ ಒಂಚೂರು ಬಿಸಿನೀರು ಕಾಯಿಸಿ ಕೊಡಪ್ಪ, ಬ್ಯಾಗ್ ಒಳಗಿಟ್ಕೊಳ್ತೀನಿ ಅಂದೆ. ಸ್ಟವ್ ಹಚ್ಚಿದ. ಉರಿ ಮಿಣಮಿಣ ಅಂದು ನಂದೇ ಹೋಯ್ತು. ಗ್ಯಾಸ್ ಡಬ್ಬಿ ಬರೀ ಬ್ಯೂಟೇನ್‌ದು. ಅದು ಕುದಿಯೋದೇ ಮೈನಸ್ 0.5 ಡಿಗ್ರಿಯಲ್ಲಿ, ಸೊನ್ನೆಯ ಹತ್ತಿರ ಬಂದ್ರೆ ಗ್ಯಾಸ್ ಆಗಿ ಮೇಲೆ ಬರೋದೇ ಇಲ್ಲ. ಬೆಟ್ಟಕ್ಕೆ ತರೋರು ಚಳಿಯಲ್ಲೂ ಉರಿಯಲಿ ಅಂತ ಪ್ರೊಪೇನ್ ಬೆರೆಸಿದ ಡಬ್ಬಿ ತರ್ತಾರೆ, ಇವರಿಗೆ ಅಗ್ಗದ್ದೇ ಆಗಬೇಕು. ಅಷ್ಟೂ ಸಾಲದು ಅಂತ ಆ ಗೈಡ್, ಬೇರೆ ಟೆಂಟ್‌ನೋರೆಲ್ಲ ಎದ್ದು ಇಣುಕ್ತಿರುವಾಗ, ಎಲ್ಲರಿಗೂ ಕೇಳಿಸೋ ಹಾಗೆ ಅಂದ: “ಚಳಿ ತಡೆಯೋಕಾಗದೇ ಇರೋರು ಬರಬಾರದು ಮೇಡಂ.” ಯಾರೋ ಕಿಸಕ್ ಅಂದ್ರು. ನಾಚಿಕೆಯಿಂದ ಮುಖ ಬಿಸಿಯಾಯ್ತು. ಇಡೀ ರಾತ್ರಿಯಲ್ಲಿ ಬಿಸಿಯಾಗಿದ್ದು ಅದೊಂದೇ.

ವಾಪಸ್ ಬಂದಾಗ ನನ್ನ ತಮ್ಮ ಕೂತ್ಕೊಂಡು ಬ್ಯಾಗಿನ ಒಳಗೆ ಏನೋ ಹುಡುಕ್ತಿದ್ದ. “ಅಕ್ಕಾ, ಇಲ್ಲಿ ನೋಡು.” ಕಾಲಿನ ಕಡೆ ಒಳಹೊಲಿಗೆಯಲ್ಲಿ ಒಂದು ಬಿಳಿ ಪಟ್ಟಿ, ಒಗೆದೊಗೆದು ಅಕ್ಷರ ಮಾಸಿತ್ತು. ಬೆಳಕು ಹಿಡಿದು ಓದಿದ್ವಿ. ಕಂಫರ್ಟ್ 6. ಲಿಮಿಟ್ 1. ಎಕ್ಸ್‌ಟ್ರೀಮ್ ಮೈನಸ್ 13.

ನಾನು ಮೊದಲು ಆರನ್ನ ಮೈನಸ್ ಆರು ಅಂತಲೇ ಓದಿದೆ. ಇಲ್ಲ, ಮೈನಸ್ ಇಲ್ಲ. ಪ್ಲಸ್ ಆರು! ಮತ್ತೆ ಬೆಳಕು ಹಿಡಿದೆ. ಪ್ಲಸ್ ಆರು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಐಎಸ್ಒ 23537 ಅಂತ ಒಂದು ಮಾನದಂಡ ಇದೆ, ಅದರ ಪ್ರಕಾರ ಪರೀಕ್ಷೆ ಮಾಡಿದ ಬ್ಯಾಗ್ ಮೇಲೆ ಈ ನಂಬರ್‌ಗಳಿರ್ತವೆ. ಕಂಫರ್ಟ್ ಅಂದ್ರೆ ಸಾಮಾನ್ಯ ಮೈಕಟ್ಟಿನ ಹೆಂಗಸು ಆರಾಮಾಗಿ ನಿದ್ದೆ ಮಾಡಬಹುದಾದ ಚಳಿ. ಲಿಮಿಟ್ ಅಂದ್ರೆ ಗಂಡಸು ಮುದುರಿಕೊಂಡು ಹೆಂಗೋ ರಾತ್ರಿ ತಳ್ಳಬಹುದಾದದ್ದು. ಎಕ್ಸ್‌ಟ್ರೀಮ್ ಅಂದ್ರೆ? ಸುಮಾರು 6 ಗಂಟೆ ಹೊತ್ತು ಜೀವ ಹಿಡ್ಕೊಂಡಿರಬಹುದು, ಅಷ್ಟೇ. ನಿದ್ದೆ ಅಲ್ಲ, ಜೀವ. ಅದೂ ಈ ಪರೀಕ್ಷೆ ಮಾಡೋದು ಲ್ಯಾಬ್‌ನಲ್ಲಿ, ಬಿಸಿ ಮಾಡಿದ ಗೊಂಬೆಗೆ ಉದ್ದ ತೋಳಿನ ಒಳಉಡುಪು ತೊಡಿಸಿ, ಕೆಳಗೆ ಸರಿಯಾದ ಮ್ಯಾಟ್ ಹಾಸಿ, ಹೊಸ ಬ್ಯಾಗ್‌ನಲ್ಲಿ. ಆ ಗೊಂಬೆಗೆ ಸಿಕ್ಕ ಮರ್ಯಾದೆ ದುಡ್ಡು ಕೊಟ್ಟ ನನಗೆ ಸಿಗಲಿಲ್ಲ.

ಜೀವ ಉಳಿಯೋ ನಂಬರ್ ತಗೊಂಡು ಆರಾಮದ ನಂಬರ್ ಅಂತ ಮಾರಿದ್ದಾರೆ! ಹೊಟ್ಟೆ ಉರಿಯೋದು ಅಲ್ಲೇ. ಬ್ಯಾಗ್ ಹಳೇದು, ಜಿಪ್ ಕೆಟ್ಟಿದೆ, ಅದನ್ನೆಲ್ಲ ಸಹಿಸ್ಕೊಳ್ಳಬಹುದು. ಇದು ಗೊತ್ತಿದ್ದೂ ಮಾಡಿದ್ದು. ಬ್ಯಾಗಿನ ಲೇಬಲ್‌ನಲ್ಲಿ ಇನ್ನೆರಡು ನಂಬರ್ ಇತ್ತಲ್ಲ, ಅವನ್ನ ಬಿಟ್ಟು ಇದೊಂದನ್ನೇ ಆರಿಸಿ ತೆಗೆದು ದಪ್ಪಕ್ಷರದಲ್ಲಿ ಹಾಕಿದ್ದಾರೆ.

ಸೂರ್ಯೋದಯ ನೋಡಿದ್ರಾ ಅಂತ ಕೇಳಬೇಡಿ. ನಡುಗ್ತಾ ಕೂತಿದ್ದೆ.

ಇಳಿದ ಮೇಲೆ ಲೇಬಲ್ ಫೋಟೋ ಕಳಿಸಿ ದುಡ್ಡು ವಾಪಸ್ ಕೇಳಿದೆ. ಬಂದ ಉತ್ತರ ಹಾಗ್ಹಾಗೇ ಹಾಕ್ತೀನಿ.

“ಮೇಡಂ, ನಾವು ಮೈನಸ್ 13 ಅಂದ್ವಿ, ನೀವು ಕಳಿಸಿದ ಫೋಟೋದಲ್ಲೂ ಮೈನಸ್ 13 ಇದೆ. ಸುಳ್ಳೆಲ್ಲಿ ಬಂತು?”

ಕಂಫರ್ಟ್ 6 ಅಂತಿರೋದು ಕಾಣಿಸ್ಲಿಲ್ವಾ ಅಂತ ಕೇಳಿದ್ದಕ್ಕೆ: “ಅದೆಲ್ಲ ಟೆಕ್ನಿಕಲ್. ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ.”

ಮಾಡಿಲ್ವಾ! ಪಕ್ಕದ ಟೆಂಟ್‌ನ ಹುಡುಗರು ಬೆಳಗಿನ ಜಾವ ತನಕ ಎದ್ದು ಕುಣೀತಿದ್ರು, ಖುಷಿಗೆ ಅಂದ್ಕೊಂಡ್ರಾ?

ಆಮೇಲೆ ಬಂತು ಫಾರ್ಮ್. “ಎಲ್ಲ ಅಪಾಯ ನನ್ನ ಜವಾಬ್ದಾರಿ ಅಂತ ನೀವೇ ಸಹಿ ಮಾಡಿದ್ದೀರಿ.” ಜಾರಿ ಬಿದ್ರೆ, ಮಳೆ ಬಂದ್ರೆ ನನ್ನ ಜವಾಬ್ದಾರಿ, ಒಪ್ಪಿದೆ. ನೀವು ಕೊಡ್ತೀನಿ ಅಂದ ಸಾಮಾನು ಕೊಡದೇ ಇದ್ರೆ ಅದೂ ನಂದೇನಾ? ಇದಕ್ಕೆ ಉತ್ತರ ಇಲ್ಲ. ಬದಲಿಗೆ, ಮುಂದಿನ ಟ್ರೆಕ್‌ಗೆ ಡಿಸ್ಕೌಂಟ್ ಕೊಡ್ತಾರಂತೆ. ಮುಂದಿನ ಟ್ರೆಕ್! ಇವರ ಜೊತೆ!

ಬರೀ ನಿದ್ದೆ ಹಾಳಾಯ್ತು ಅಂತ ಇಷ್ಟು ಕೂಗಾಡ್ತಿಲ್ಲ. ಮೈ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದ್ರೆ ಅದು ಹೈಪೋಥರ್ಮಿಯಾ. ಮಾತು ತೊದಲುತ್ತೆ, ತಲೆ ಓಡಲ್ಲ, ನಡುಕ ನಿಂತ್ರೆ ಇನ್ನೂ ಅಪಾಯ. ಅವತ್ತು ಮಳೆ ಬಂದು ಬ್ಯಾಗ್ ನೆಂದಿದ್ರೆ ಕಥೆ ಏನಾಗ್ತಿತ್ತು? ಇದನ್ನೂ ಕೇಳಿದೆ. “ನೆಗೆಟಿವ್ ಯೋಚನೆ ಮಾಡಬೇಡಿ ಮೇಡಂ” ಅಂದ ಮಹಾರಾಯ.

ನೀವು ಹೋಗೋದಾದ್ರೆ ದುಡ್ಡು ಹಾಕೋ ಮುಂಚೆ ಬ್ಯಾಗಿನ ಒಳಗಿನ ಲೇಬಲ್ ಫೋಟೋ ಕೇಳಿ. ಜಾಹೀರಾತಿನದ್ದಲ್ಲ, ನಿಮಗೆ ಕೊಡೋ ಬ್ಯಾಗಿಂದು. ಹೆಂಗಸರು ಕಂಫರ್ಟ್ ನಂಬರ್ ಬಿಟ್ಟು ಬೇರೆ ಯಾವುದನ್ನೂ ನೋಡಲೇಬೇಡಿ. ಮ್ಯಾಟ್ ಉದ್ದ ಎಷ್ಟು, ದಪ್ಪ ಎಷ್ಟು, ಅದೂ ಕೇಳಿ. ಬುಡದಲ್ಲೇ ಬ್ಯಾಗ್ ಬಿಚ್ಚಿಸಿ ಜಿಪ್ ಎಳೆದು ನೋಡಿ, ಮೇಲೆ ಹೋದ ಮೇಲೆ ಯಾರೂ ಬದಲಾಯಿಸಿ ಕೊಡಲ್ಲ. “ಬೆವರ್ತೀರಿ” ಅಂತ ಯಾರಾದ್ರೂ ನಕ್ರೆ ಅಲ್ಲೇ ಫೋನ್ ಇಡಿ. ನನ್ನ ದುಡ್ಡು ಇನ್ನೂ ಬಂದಿಲ್ಲ, ಡಿಸ್ಕೌಂಟ್ ಕೂಪನ್ ಮಾತ್ರ ಮತ್ತೆ ಮತ್ತೆ ಕಳಿಸ್ತಿದ್ದಾರೆ.