ನಂದಿ ಬೆಟ್ಟದ ಬುಡದಲ್ಲಿ ಇಡೀ ದಿನದ ಗಾಲ್ಫ್: ಪ್ರೆಸ್ಟೀಜ್ ಗಾಲ್ಫ್‌ಶೈರ್

ಆತುರ ಇದ್ದವರು ಈ ಜಾಗಕ್ಕೆ ಹೋಗಬೇಡಿ. ಬೆಳಿಗ್ಗೆ ಆಡಿ, ಅಲ್ಲೇ ಬಟ್ಟೆ ಬದಲಾಯಿಸಿ, ಹನ್ನೊಂದಕ್ಕೆ ಮೀಟಿಂಗ್‌ಗೆ ಓಡುವವರಿಗೆ ಬೆಂಗಳೂರಿನ ಊರೊಳಗೇ ಒಳ್ಳೆಯ ಕೋರ್ಸ್‌ಗಳಿವೆ. ಗಾಲ್ಫ್‌ಶೈರ್‌ಗೆ ಹೋದರೆ ಒಂದು ದಿನ ಪೂರ್ತಿ ಎತ್ತಿಡಬೇಕು. ನಾನು ಹಾಗೇ ಎತ್ತಿಟ್ಟು ಹೋಗಿದ್ದೆ. ಇಷ್ಟು ನೆಮ್ಮದಿಯಾಗಿ ನಾನು ಗಾಲ್ಫ್ ಆಡಿದ್ದೇ ಇಲ್ಲ.

ಗೊತ್ತಿಲ್ಲದವರಿಗೆ ಮೊದಲು ಜಾಗ ಹೇಳುತ್ತೇನೆ. ದೇವನಹಳ್ಳಿ ತಾಲ್ಲೂಕು, ಕುಂದಾಣ ಹೋಬಳಿ, ಕಾರಹಳ್ಳಿ ಹತ್ತಿರ, ನಂದಿ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿದೆ. ಸುಮಾರು 275 ಎಕರೆ. 18 ಹೋಲ್, ಪಾರ್ 72, ಅಂದರೆ ಚೆನ್ನಾಗಿ ಆಡುವವರಿಗೆ ಹದಿನೆಂಟೂ ಹೋಲ್ ಸೇರಿ 72 ಹೊಡೆತ. ಸುತ್ತ ವಿಲ್ಲಾಗಳು, ನಡುವೆ ಹಸಿರು, ಒಂದು ದೊಡ್ಡ ಕ್ಲಬ್ ಹೌಸ್. 2022ರಲ್ಲಿ ಪಕ್ಕದಲ್ಲೇ ಜೆಡಬ್ಲ್ಯೂ ಮ್ಯಾರಿಯಟ್ ಹೋಟೆಲ್ಲೂ ಶುರುವಾಯಿತು. ಗಾಲ್ಫ್ ಗಂಧ ಇಲ್ಲದವರೂ ಈ ಹೆಸರು ಕೇಳಿರುತ್ತೀರಿ. 2019ರ ಜುಲೈನಲ್ಲಿ ಸಮ್ಮಿಶ್ರ ಸರ್ಕಾರ ಅಲ್ಲಾಡುತ್ತಿದ್ದಾಗ ಜೆಡಿಎಸ್ ಶಾಸಕರು ಇಲ್ಲೇ ಉಳಿದುಕೊಂಡಿದ್ದರು. ಟಿವಿಯಲ್ಲಿ ದಿನವಿಡೀ ಇದರ ಗೇಟು ತೋರಿಸುತ್ತಿದ್ದರು.

ನಾನು ಮೈಸೂರಿನವಳು. ಬ್ಯಾಂಕಿನಿಂದ ನಿವೃತ್ತಿ ಆದ ಮೇಲೆ ಗಾಲ್ಫ್ ಕಲಿತವಳು. 2021ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಸ್ಟ್ರೋಕ್‌ನಲ್ಲಿ ಪದಕ ಕಳೆದುಕೊಂಡು ನಾಲ್ಕನೆಯವಳಾದಳಲ್ಲ, ಅದನ್ನು ಬೆಳಿಗ್ಗೆ ಎದ್ದು ಟಿವಿಯಲ್ಲಿ ನೋಡಿದ್ದೇ ನನಗೆ ಈ ಆಟದ ಹುಚ್ಚು ಹಿಡಿಸಿತು. ಕಲಿತದ್ದು ಚಾಮುಂಡಿ ಬೆಟ್ಟದ ಬುಡದ ಜೆಡಬ್ಲ್ಯೂಜಿಸಿಯಲ್ಲಿ, ಅಂದರೆ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ. ರೇಸ್ ಕೋರ್ಸ್ ಒಳಗೇ ಇರುವ ಕೋರ್ಸ್ ಅದು. ಹಾಗಾಗಿ ತಲೆ ಎತ್ತಿದರೆ ಬೆಟ್ಟ ಕಾಣಬೇಕು ಅನ್ನುವುದು ನನಗೆ ಅಭ್ಯಾಸ ಆಗಿಬಿಟ್ಟಿದೆ. ನನ್ನ ಹ್ಯಾಂಡಿಕ್ಯಾಪ್, ಅಂದರೆ ಪಾರ್‌ಗಿಂತ ಎಷ್ಟು ಹೊಡೆತ ಜಾಸ್ತಿ ಬೇಕಾಗುತ್ತದೆ ಅನ್ನುವ ಲೆಕ್ಕ, ಮೂವತ್ತರ ಆಚೆ. ಈ ವಿಮರ್ಶೆಯನ್ನು ಆ ಲೆಕ್ಕದಲ್ಲೇ ಓದಿ. ಒಂದಂಕಿಯ ಹ್ಯಾಂಡಿಕ್ಯಾಪ್ ಇರುವವರಿಗೆ ಬೇಕಾದ ವಿಷಯಗಳು ಬೇರೆ.

ನಮ್ಮ ಅಕ್ಕ ಭಾವನ ಮನೆ ಅಲ್ಲೇ ಒಳಗಿದೆ. ಅವರ ಅತಿಥಿಯಾಗಿ ಹೋಗಿದ್ದೆ. ವಾರದ ನಡುವಿನ ದಿನ, ಡಿಸೆಂಬರ್ ತಿಂಗಳು. ಭಾವ ಹಿಂದಿನ ರಾತ್ರಿಯೇ ಹೇಳಿದ್ದರು, "ನಾಳೆ ಅಂಕ ಗಿಂಕ ತಲೆಗೆ ಹಚ್ಕೋಬೇಡ ಕಣಮ್ಮ, ಸ್ಟೇಬಲ್‌ಫೋರ್ಡ್ ಆಡೋಣ" ಅಂತ. ಒಳ್ಳೆಯ ಮಾತು. ನಮ್ಮಂಥವರ ನೆಮ್ಮದಿಗೆ ಈ ಲೆಕ್ಕದಷ್ಟು ಒಳ್ಳೆಯದು ಇನ್ನೊಂದಿಲ್ಲ. ಇಂಗ್ಲೆಂಡಿನ ಫ್ರಾಂಕ್ ಸ್ಟೇಬಲ್‌ಫೋರ್ಡ್ ಅನ್ನುವ ಡಾಕ್ಟರು ಯೋಚಿಸಿದ್ದು. 1932ರಲ್ಲಿ ವಾಲಸಿ ಕ್ಲಬ್‌ನಲ್ಲಿ ಇದರ ಪ್ರಕಾರ ಪಂದ್ಯ ನಡೆಸಿದರು. ನಿಮ್ಮ ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್ ಆದರೆ ಎರಡು ಅಂಕ, ಒಂದು ಜಾಸ್ತಿ ಹೊಡೆದರೆ ಒಂದು, ಅದಕ್ಕಿಂತ ಕೆಟ್ಟರೆ ಸೊನ್ನೆ. ಸೊನ್ನೆ ಅಂತ ಗೊತ್ತಾದ ತಕ್ಷಣ ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಹೋಲ್‌ಗೆ ನಡೆಯಿರಿ. ಒಂದು ಹೋಲ್ ಕೆಟ್ಟರೆ ಇಡೀ ದಿನ ಕೆಡುವುದಿಲ್ಲ. ಹಿಂದೆ ಬರುವವರೂ ಕಾಯಬೇಕಿಲ್ಲ.

ಬೆಳಗಿನ ಮೊದಲ ಹೋಲ್‌ಗಳಲ್ಲಿ ನಂದಿ ಬೆಟ್ಟ ಕಾಣಲೇ ಇಲ್ಲ. ಆ ಕಾಲದಲ್ಲಿ ಮಂಜು ಜಾಸ್ತಿ. ಹುಲ್ಲು ಒದ್ದೆ, ಚೆಂಡು ಬಿದ್ದಲ್ಲೇ ನಿಲ್ಲುತ್ತದೆ, ಒಂದಡಿಯೂ ಉರುಳುವುದಿಲ್ಲ. ಹಾಗಾಗಿ ಅಂಥ ಹೊತ್ತಲ್ಲಿ ಒಂದು ಕ್ಲಬ್ (ಗಾಲ್ಫ್ ಕೋಲು) ದೊಡ್ಡದು ತಗೊಳ್ಳಿ. ಬಿಸಿಲು ಏರಿದ ಹಾಗೆ ಮೊದಲು ಬೆಟ್ಟದ ಸೊಂಟ ಕಂಡಿತು, ಆಮೇಲೆ ನೆತ್ತಿ. 1478 ಮೀಟರ್ ಎತ್ತರದ ಬೆಟ್ಟ ಅಷ್ಟು ಹತ್ತಿರದಲ್ಲಿ ನಿಂತಿರುವಾಗ ಟೀ (ಮೊದಲ ಹೊಡೆತಕ್ಕೆ ಚೆಂಡಿಡುವ ಸಣ್ಣ ಗೂಟ) ಮೇಲೆ ಚೆಂಡಿಟ್ಟು ತಲೆ ತಗ್ಗಿಸುವುದೇ ಕಷ್ಟ. ಭಾವ ಸುಮ್ನೆ ಕಾಯುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ.

ಈ ವಿಷಯ ನನಗೆ ದೊಡ್ಡದು. ಬೇರೊಂದು ಊರಿನ ಕ್ಲಬ್ಬಿನಲ್ಲಿ, ಹೆಸರು ಬೇಡ, ನಾವು ನಾಲ್ವರು ಹೆಂಗಸರು ಆಡುತ್ತಿದ್ದಾಗ, ಆಟದ ವೇಗ ನೋಡಿಕೊಳ್ಳುವ ಕೋರ್ಸ್ ಮಾರ್ಷಲ್ ಕಾರ್ಟ್‌ನಲ್ಲಿ ಪದೇ ಪದೇ ಹಿಂದೆ ಬಂದು ನಿಲ್ಲುತ್ತಿದ್ದ. ನಮ್ಮ ಮುಂದೆ ಗಂಡಸರ ಗುಂಪೇ ನಿಧಾನವಾಗಿ ಆಡುತ್ತಿತ್ತು. ಅವರಿಗೆ ಏನೂ ಹೇಳದೆ ನಮಗೆ ಮಾತ್ರ "ಬೇಗ ಬೇಗ ಮೇಡಂ". ಆ ದಿನದ ಒಂದು ಹೊಡೆತವೂ ನನಗೆ ಈಗ ನೆನಪಿಲ್ಲ, ಆ ಮಾತು ಮಾತ್ರ ನೆನಪಿದೆ. ಗಾಲ್ಫ್‌ಶೈರ್‌ನಲ್ಲಿ ನನಗೆ ಅದರ ನೆರಳೂ ಕಾಣಲಿಲ್ಲ. ಹಿಂದಿನ ಗುಂಪು ಹತ್ತಿರ ಬಂದಾಗ ನಮ್ಮ ಕ್ಯಾಡಿಯೇ (ಆಡುವವರ ಜೊತೆಗಿದ್ದು ಕ್ಲಬ್ ಎತ್ತಿಕೊಡುವ, ಸಲಹೆ ಹೇಳುವ ಹುಡುಗ) ಮೆಲ್ಲಗೆ, "ಅವರನ್ನ ಮುಂದೆ ಬಿಟ್ಟುಬಿಡೋಣ್ವಾ ಅಮ್ಮ?" ಎಂದು ಕೇಳಿದ. ಬಿಟ್ಟೆವು. ಅವರು ಟೋಪಿ ಮುಟ್ಟಿ ಥ್ಯಾಂಕ್ಸ್ ಹೇಳಿ ಹೋದರು.

ಕ್ಯಾಡಿ ಬಗ್ಗೆ ಎಷ್ಟು ಹೇಳಿದರೂ ಸಾಲದು. ಹೋಟೆಲು, ಕ್ಲಬ್ ಹೌಸು, ಬೆಟ್ಟ ಎಲ್ಲ ಒಂದು ಕಡೆ, ಆ ಹುಡುಗ ಒಂದು ಕಡೆ. ಅಲ್ಲೇ ಸುತ್ತಲಿನ ಹಳ್ಳಿಯವನು. ಭಾವನ ಕ್ಯಾಡಿ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯವರಿಗೆ ಎರಡೂ ಮನೆಮಾತೇ. ಮೊದಲ ಎರಡು ಹೋಲ್ ನನ್ನ ಹೊಡೆತ ಸುಮ್ನೆ ನೋಡಿದ. ಮೂರನೆಯದರಲ್ಲಿ ನಾನು ಕೇಳುವ ಮೊದಲೇ ಏಳು ಐರನ್ ಕೈಗಿಟ್ಟ. ನಾನು ಎಂಟು ತಗೊಳ್ಳೋಣ ಅಂತಿದ್ದೆ. ನಂಬರ್ ಕಡಿಮೆ ಆದಷ್ಟೂ ಚೆಂಡು ದೂರ ಹೋಗುತ್ತದೆ. "ಗಾಳಿ ಎದುರಿದೆ ಅಮ್ಮ, ಇಲ್ಲಿ ಗೊತ್ತಾಗಲ್ಲ, ಆ ಮರದ ತುದಿ ನೋಡಿ" ಅಂದ. ನೋಡಿದರೆ ನಿಜ. ನಾವು ನಿಂತ ಕಡೆ ಎಲೆ ಅಲ್ಲಾಡುತ್ತಿಲ್ಲ, ಮೇಲೆ ಕೊಂಬೆ ತೂಗುತ್ತಿದೆ.

ಇನ್ನೊಂದು ಗ್ರೀನ್‌ನಲ್ಲಿ, ಅಂದರೆ ತೂತಿನ ಸುತ್ತಲಿನ ನುಣ್ಣನೆ ಹುಲ್ಲಿನಲ್ಲಿ, ನಡೆದದ್ದು ಹೇಳಲೇಬೇಕು. ಚೆಂಡು ತೂತಿನಿಂದ ಒಂದು ಹದಿನೈದು ಅಡಿ ದೂರ ಇತ್ತು. ನನ್ನ ಕಣ್ಣಿಗೆ ನೇರ ಪಟ್. ಅವನು ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದ, ಎದ್ದು ತೂತಿನ ಆ ಕಡೆ ಹೋಗಿ ನೋಡಿದ, ಆಮೇಲೆ ತಿರುಗಿ ಬೆಟ್ಟ ನೋಡಿದ. "ನೇರ ಇದೆ ಅನ್ಸುತ್ತೆ, ಆದ್ರೆ ಇಲ್ಲ. ನೆಲ ಬೆಟ್ಟದ ಕಡೆಯಿಂದ ಇಳೀತಾ ಇದೆ. ಎಡಕ್ಕೆ ಬರುತ್ತೆ. ಎರಡು ಕಪ್ ಬಲಕ್ಕೆ ಕೊಡಿ." ಗಾಲ್ಫ್‌ನ ತೂತು ನಾಲ್ಕೂಕಾಲು ಇಂಚು ಅಗಲ. ಎರಡು ಕಪ್ ಅಂದರೆ ಹೆಚ್ಚುಕಡಿಮೆ ಒಂದು ಗೇಣು. ತೂತು ಬಿಟ್ಟು ಅಷ್ಟು ಆಚೆಗೆ ಗುರಿ ಇಡಲು ಮನಸ್ಸು ಒಪ್ಪುವುದಿಲ್ಲ. ಆದರೂ ಅವನ ಮಾತು ನಂಬಿ ತಳ್ಳಿದೆ. ಚೆಂಡು ಮುಕ್ಕಾಲು ದೂರ ನೇರ ಹೋಯಿತು. ಕೊನೆಯ ಮೊಳದಲ್ಲಿ ನಿಧಾನವಾಗಿ ಎಡಕ್ಕೆ ವಾಲಿತು, ಅಂಚು ಹಿಡಿಯಿತು, ಒಳಗೆ ಬಿತ್ತು. ಅವನ ಮುಖ ನನಗಿಂತ ಜಾಸ್ತಿ ಅರಳಿತ್ತು.

ಗ್ರೀನ್ ಮೇಲೆ ಚೆಂಡು ಬಿದ್ದ ಗುಳಿ ಸರಿಮಾಡುವುದನ್ನೂ ಅವನಿಂದಲೇ ಸರಿಯಾಗಿ ನೋಡಿಕೊಂಡೆ. ಫೋರ್ಕ್ ಚುಚ್ಚಿ ಮಣ್ಣನ್ನು ಮೇಲಕ್ಕೆ ಮೀಟುವವರೇ ಬಹಳ. ಹಾಗೆ ಮೀಟಿದರೆ ಬೇರು ಹರಿದು ಅಲ್ಲಿ ಹುಲ್ಲು ಒಣಗುತ್ತದೆ. ಅವನು ಗುಳಿಯ ಅಂಚಿನಲ್ಲಿ ಫೋರ್ಕ್ ಚುಚ್ಚಿ, ಸುತ್ತಲಿನ ಹುಲ್ಲನ್ನು ಒಳಮುಖವಾಗಿ ಒತ್ತಿ, ನಾಲ್ಕೂ ಕಡೆಯಿಂದ ಹಾಗೇ ಮಾಡಿ, ಕೊನೆಗೆ ಪಟರ್ ತಳದಿಂದ ತಟ್ಟಿದ. ಗುರುತೇ ಇಲ್ಲ. ನಾವು ಆಡಿದ ದಿನ ಗ್ರೀನ್‌ಗಳು ಅಷ್ಟು ನಯವಾಗಿದ್ದದ್ದು ಇಂಥ ಕೈಗಳಿಂದಲೇ.

ಮನೆಗಳ ನಡುವಿನ ಕೋರ್ಸ್ ಅಂದರೆ ಮೊದಲು ನನಗೆ ಅಳುಕಿತ್ತು. ಕಿಟಕಿ ಗಾಜು ಒಡೆದರೆ? ಯಾರಿಗಾದರೂ ತಗುಲಿದರೆ? ಇಲ್ಲಿ ಒಂದು ಮಾತು ತಿಳಿದಿರಲಿ. ಬಿಳಿ ಗೂಟದ ಆಚೆ ಹೋದ ಚೆಂಡು ಔಟ್. ಒಂದು ಸ್ಟ್ರೋಕ್ ದಂಡ ಕಟ್ಟಿ, ಹೊಡೆದ ಜಾಗದಿಂದಲೇ ಮತ್ತೆ ಹೊಡೆಯಬೇಕು. ಯಾರದೋ ತೋಟದೊಳಗೆ ನುಗ್ಗಿ ಹುಡುಕಬೇಡಿ. ಚೆಂಡು ಜನರ ಕಡೆ ಹೋಗುತ್ತಿದೆ ಅನ್ನಿಸಿದರೆ ನಾಚಿಕೆ ಬಿಟ್ಟು "ಫೋರ್!" ಎಂದು ಕೂಗಿ. ಕೋರ್ಸ್ ಒಳಗೇ ಕಳೆದರೂ ಹುಡುಕೋಕೆ ಈಗ ಮೂರೇ ನಿಮಿಷ. 2019ಕ್ಕೆ ಮೊದಲು ಐದು ನಿಮಿಷ ಇತ್ತು. ಭಾವ ಎರಡನೇ ನಿಮಿಷಕ್ಕೇ ಹೊಸ ಚೆಂಡು ತೆಗೆಯುತ್ತಾರೆ. ಆಟ ಆರಾಮಾಗಿರೋಕೆ ಅದೂ ಒಂದು ಕಾರಣ.

ಆಡುತ್ತಾ ಹೋದ ಹಾಗೆ ಆ ಮನೆಗಳು ಇಷ್ಟವಾದವು. ಒಂದು ಮನೆಯ ಹಿಂದೆ ತಾತ ಒಬ್ಬರು ಪೇಪರ್ ಓದುತ್ತಾ ಕೂತಿದ್ದರು. ನನ್ನ ಚಿಪ್ (ಗ್ರೀನ್ ಕಡೆಗಿನ ಸಣ್ಣ ಹೊಡೆತ) ಚೆನ್ನಾಗಿ ಬಿದ್ದಾಗ ಪೇಪರ್ ಇಳಿಸಿ ಚಪ್ಪಾಳೆ ತಟ್ಟಿದರು. ಅಕ್ಕ ಆಟ ಆಡುವುದಿಲ್ಲ. ಒಂಬತ್ತು ಹೋಲ್ ಮುಗಿಯುವ ಹೊತ್ತಿಗೆ ಮನೆಯಿಂದ ನಡೆದುಬಂದು ನಮ್ಮ ಜೊತೆ ಸೇರಿಕೊಂಡಳು, ನಿಂಬೆ ಶರಬತ್ತು ಕುಡಿದಳು, ಮನೆ ವಿಷಯ ಮಾತಾಡಿ ವಾಪಸ್ ಹೋದಳು. ಊರಿನ ಕ್ಲಬ್‌ಗಳಲ್ಲಿ ಆಡದವರು ಮನೆಯಲ್ಲೇ ಉಳಿಯಬೇಕು, ಇಲ್ಲಾ ಲೌಂಜ್‌ನಲ್ಲಿ ಫೋನ್ ನೋಡುತ್ತಾ ಕೂರಬೇಕು. ಇಲ್ಲಿ ಆಡುವವರು, ಆಡದವರು ಒಂದೇ ದಿನವನ್ನು ಹಂಚಿಕೊಳ್ಳಬಹುದು. ನನಗೆ ಈ ಜಾಗದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಕಾರ್ಟ್ ತಗೊಂಡಿದ್ದೆವು. ಒಂದು ಗ್ರೀನ್‌ನಿಂದ ಮುಂದಿನ ಹೋಲ್ ಶುರುವಾಗುವ ಟೀವರೆಗೆ ಕೆಲವು ಕಡೆ ನಡಿಗೆ ಜಾಸ್ತಿ, ನನ್ನ ವಯಸ್ಸಿನವರಿಗೆ ಕಾರ್ಟ್ ಬೇಕು. ಆದರೆ ಎರಡನೇ ಒಂಬತ್ತರಲ್ಲಿ ನಾನು ಫೇರ್‌ವೇ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿ) ಸಿಕ್ಕ ಕಡೆಯೆಲ್ಲ ಇಳಿದು ನಡೆದೆ. ಕಾಲಿಗೆ ನೆಲದ ಏರಿಳಿತ ತಿಳಿದರೆ ಮುಂದಿನ ಹೊಡೆತಕ್ಕೆ ಅನುಕೂಲ. ನೀವೂ ಹಾಗೆ ಮಾಡಿ. ನೀರಿನ ಪಕ್ಕದ ಹೋಲ್‌ಗಳಲ್ಲಿ ಹಳೇ ಚೆಂಡು ಬಳಸಿ, ಮನಸ್ಸು ಹಗುರ ಇರುತ್ತದೆ.

ಆಟ ಮುಗಿದ ಮೇಲೆ ಕ್ಲಬ್ ಹೌಸ್‌ನಲ್ಲಿ ಊಟ. ಊಟ ಚೆನ್ನಾಗಿತ್ತು, ಬಡಿಸಿದವರು ಮರ್ಯಾದೆಯಿಂದ ಮಾತಾಡಿದರು. ಅದರ ಬಗ್ಗೆ ಅಷ್ಟು ಸಾಕು. ಕೂತ ಕುರ್ಚಿಯಿಂದ ಆಡಿದ ಹೋಲ್‌ಗಳನ್ನೇ ನೋಡುತ್ತಾ, ಯಾವ ಹೊಡೆತ ಎಲ್ಲಿ ಹೋಯಿತು ಅಂತ ಮಾತಾಡುತ್ತಾ ಸಂಜೆಯವರೆಗೆ ಕೂತೆವು. ಎದ್ದು ಹೋಗಿ ಅಂತ ಯಾರೂ ಸೂಚನೆ ಕೊಡಲಿಲ್ಲ.

ಒಂದು ಮಾತು ಎಲ್ಲ ಗಾಲ್ಫ್ ಪ್ರಿಯರಿಗೂ ಹೇಳಬೇಕು. ದೇವನಹಳ್ಳಿ, ಚಿಕ್ಕಬಳ್ಳಾಪುರ ಸೀಮೆ ನೀರಿಗೆ ಕಷ್ಟಪಟ್ಟ ಸೀಮೆ. ಬೋರ್‌ವೆಲ್ ನಂಬಿ ದ್ರಾಕ್ಷಿ, ಹೂವು ಬೆಳೆಯುವ ರೈತರು ಎಷ್ಟು ಆಳಕ್ಕೆ ಕೊರೆಸುತ್ತಾರೆ ಅಂತ ಆ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಈ ಭಾಗದ ಕೆರೆಗಳಿಗೆ ಬಿಡುವ ಪರಿಸ್ಥಿತಿ ಬಂದಿದೆ. ಹುಲ್ಲಿಗೆ ಶುದ್ಧೀಕರಿಸಿದ ನೀರೇ ಸಾಕು, ಕುಡಿಯುವ ನೀರು ಬೇಡ. ಯಾವ ಕ್ಲಬ್‌ಗೆ ಸೇರುವಾಗಲೂ, ಯಾವ ವಿಲ್ಲಾ ಕೊಳ್ಳುವಾಗಲೂ ಇದನ್ನು ಬಾಯಿಬಿಟ್ಟು ಕೇಳಿ. ಸದಸ್ಯರು ಕೇಳಿದರೆ ಮಾತ್ರ ಕ್ಲಬ್‌ಗಳು ಕಿವಿಗೊಡುತ್ತವೆ. ಈ ಆಟ ನಮ್ಮ ಊರುಗಳಲ್ಲಿ ಉಳಿಯಬೇಕು ಅನ್ನುವ ಆಸೆಯಿಂದಲೇ ಹೇಳುತ್ತಿದ್ದೇನೆ.

ಹೋಗುವವರಿಗೆ ಇನ್ನೊಂದಿಷ್ಟು. ಶನಿವಾರ, ಭಾನುವಾರ ಬೇಡ. ಸೂರ್ಯೋದಯ ನೋಡೋಕೆ ನಂದಿ ಬೆಟ್ಟಕ್ಕೆ ಹೊರಟ ಕಾರು, ಬೈಕುಗಳಿಂದ ಬೆಳಗಿನ ಜಾವವೇ ಆ ರಸ್ತೆ ತುಂಬಿರುತ್ತದೆ, ನಿಮ್ಮ ಟೀ ಟೈಮ್, ಅಂದರೆ ಆಟ ಶುರುಮಾಡಲು ಕೊಟ್ಟ ಹೊತ್ತು, ತಪ್ಪಬಹುದು. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಚೆನ್ನ. ಏಪ್ರಿಲ್‌ನಲ್ಲಾದರೆ ಬಿಸಿಲು ಏರುವ ಮೊದಲೇ ಒಂಬತ್ತು ಹೋಲ್ ಮುಗಿಸಿ. ಕಾಲರ್ ಇರುವ ಟೀ ಶರ್ಟ್ ಹಾಕಿ, ಜೀನ್ಸ್ ಬೇಡ. ಪರಿಚಯದವರು ಸದಸ್ಯರಿಲ್ಲದಿದ್ದರೆ ಹೋಟೆಲ್‌ನಲ್ಲಿ ಕೋಣೆ ಮಾಡುವಾಗಲೇ ಗಾಲ್ಫ್ ಬಗ್ಗೆ ಕೇಳಿ. ಇಂಥ ಕ್ಲಬ್‌ಗಳಲ್ಲಿ ಸಾಮಾನ್ಯವಾಗಿ ಗ್ರೀನ್ ಫೀ (ಕೋರ್ಸ್‌ನಲ್ಲಿ ಆಡುವ ಶುಲ್ಕ), ಕಾರ್ಟ್, ಕ್ಯಾಡಿ ಎಲ್ಲದಕ್ಕೂ ಬೇರೆ ಬೇರೆ ದುಡ್ಡು. ಒಟ್ಟು ಎಷ್ಟಾಗುತ್ತದೆ ಅಂತ ಫೋನಲ್ಲೇ ಕೇಳಿಕೊಳ್ಳಿ. ಮತ್ತೆ ಕ್ಯಾಡಿಗೆ ಅಂತ ಒಂದಿಷ್ಟು ನಗದು ಬೇರೆಯಾಗಿ ಜೇಬಲ್ಲಿಟ್ಟುಕೊಂಡು ಹೋಗಿ. ಕೈಬಿಚ್ಚಿ ಕೊಡಿ.